ಅಡಿಗೆಯವನ ಮಾತ್ರೆಗಳು

ಸೀಕು ಬಂದವನಿಗೆ ಒಂದು ಕಥೆ ಇರುತ್ತದೆ, ಮಾತ್ರೆ ತಿನ್ನುವವನಿಗೆ ವಾರಕ್ಕೊಂದು ಕಥೆ. ನಾನು ಮಾತ್ರೆ ತಿನ್ನಲಿಕ್ಕೆ ಸುರು ಮಾಡಿ ಒಂಬತ್ತು ವರ್ಷ ಆಯಿತು, ಎಷ್ಟು ಕಥೆ ಆಗಿರಬಹುದು ಅಂತ ನೀವೇ ಊಹಿಸಿ.

ಬದಿಯಡ್ಕ, ಅಗಲ್ಪಾಡಿ ಕಡೆಯ ಮನೆಗಳಿಗೆ ಮದುವೆ, ಉಪನಯನ, ಪೂಜೆ, ತಿಥಿ ಅಂತ ಅಡಿಗೆಗೆ ಹೋಗುವವ ನಾನು. ನಲವತ್ತೈದನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಎದ್ದರೆ ಬೆರಳು ಮಡಚಲಿಕ್ಕೆ ಆಗುವುದಿಲ್ಲ. ಹಿಂದಿನ ದಿನ ತೆಂಗಿನಕಾಯಿ ಹೆರೆದದ್ದು ಜಾಸ್ತಿ ಆಯಿತು ಅಂತ ಎಣ್ಣೆ ತಿಕ್ಕಿದೆ. ಮೂರು ತಿಂಗಳು ತಿಕ್ಕಿದೆ. ಕೊನೆಗೆ ಮಂಗಳೂರಿನ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, "ಇದು ಗಂಟಿನ ವಾತ. ಮೈ ತನ್ನ ಗಂಟುಗಳನ್ನು ತಾನೇ ಹಾಳು ಮಾಡಿಕೊಳ್ಳುವ ಜಾತಿಯದ್ದು. ಮಾತ್ರೆ ಜೀವಮಾನ ಇಡೀ ಉಂಟು" ಎಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಡಿಗೆಗೆ ಹೋಗಬಹುದಾ?"

"ಮಾತ್ರೆ ಬಿಡದಿದ್ದರೆ ಹೋಗಬಹುದು."

ಅಂದಿನಿಂದ ಒಂದು ದಿನವೂ ಬಿಟ್ಟಿಲ್ಲ. ಅಡಿಗೆ ಬಿಟ್ಟರೆ ನನಗೆ ಬೇರೆ ಎಂತದೂ ಬರುವುದಿಲ್ಲ. ಯಾರಾದರೂ ಒಂದು ದಿನ ಇನ್ನು ನಿಮ್ಮಿಂದಾಗದು ಅಂತ ನನ್ನನ್ನು ಒಲೆಯ ಎದುರಿನಿಂದ ಏಳಿಸಿಬಿಟ್ಟರೆ ಅಂತ ಅದೊಂದೇ ಹೆದರಿಕೆ. ಸಾಯುವುದೆಲ್ಲ ಆಮೇಲಿನ ವಿಷಯ.

ಕೆನ್ನೆ

ಮೊದಲು ಕೊಟ್ಟದ್ದು ಸ್ಟಿರಾಯ್ಡ್. ಉದ್ದಿನಬೇಳೆಯಷ್ಟು ಸಣ್ಣ ಮಾತ್ರೆ. ನಾಲ್ಕೇ ದಿನದಲ್ಲಿ ಬೇನೆ ಹೋಯಿತು, ಎರಡು ತಿಂಗಳಲ್ಲಿ ಕೆನ್ನೆ ಬಂತು. ಮುಖ ಗೋಳಿಬಜೆಯ ಹಾಗೆ ಉಬ್ಬಿ ಕಣ್ಣು ಒಳಗೆ ಹೋಯಿತು. ಹಸಿವೂ ಹಾಗೆಯೇ. ಉಂಡು ಕೈ ತೊಳೆಯುವಾಗಲೇ ಮತ್ತೆ ಹಸಿವು.

ಕೆಲಸ ತಪ್ಪುತ್ತದೆ ಅಂತ ನಾನು ಹೆದರಿದ್ದೆ. ಆದದ್ದು ತಿರುಗಾಮುರುಗಾ. ಮೊದಲು ನಾನು ಕಡ್ಡಿಯ ಹಾಗೆ ಇದ್ದೆ. ಕೆಲವರಿಗೆ ಅನುಮಾನ, ಅಡಿಗೆಯವನೇ ಹೀಗಿದ್ದರೆ ಇವನ ಅಡಿಗೆ ಹೇಗಿರಬಹುದು ಅಂತ. ಈಗ ಹೊಸ ಹೊಸ ಮನೆಯಿಂದ ಅಡಿಗೆಗೆ ಹೇಳಿಕೆ ಬರಲಿಕ್ಕೆ ಸುರುವಾಯಿತು. ಒಂದು ಮನೆಯಲ್ಲಿ ಮದುವೆಯ ಮಾತಿಗೆ ಹೋಗಿದ್ದಾಗ ಒಳಗಿನಿಂದ ಬಂದ ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಮಗನಿಗೆ ಹೇಳಿದರು, "ಇವರಿಗೇ ಹೇಳು. ಮಾಡಿದ್ದನ್ನು ತಾವೂ ತಿನ್ನುವ ಜನ."

ಅಷ್ಟು ಹೊಗಳಿಕೆ ಕಟ್ಟಿಕೊಂಡು ಮನೆಗೆ ಬಂದರೆ ಹೆಂಡತಿ ನನ್ನ ಕೆನ್ನೆಗೆ ಬೆರಳಿಟ್ಟು ಒತ್ತಿ ನೋಡಿದಳು. ಬೆರಳು ಇಟ್ಟಲ್ಲಿ ಗುಳಿ ಬಿತ್ತು. "ಮದುವೆಯಾದ ಹೊಸತರಲ್ಲಿ ನೀವೊಮ್ಮೆ ದಪ್ಪ ಆಗಲಿ ಅಂತ ದೇವರಿಗೆ ಹರಕೆ ಹೇಳಿಕೊಂಡಿದ್ದೆ. ಹೇಗೆ ಅಂತ ಸರಿಯಾಗಿ ಹೇಳಲಿಲ್ಲ ಕಾಣುತ್ತದೆ" ಎಂದಳು. ಇಬ್ಬರೂ ನಕ್ಕೆವು.

ಸಕ್ಕರೆ ಕಾಯಿಲೆ ಬರುತ್ತದೆ, ಎಲುಬು ಸವೆಯುತ್ತದೆ ಅಂತ ಡಾಕ್ಟರು ಆ ಮಾತ್ರೆಯನ್ನು ಮೆಲ್ಲ ಮೆಲ್ಲ ಇಳಿಸಿದರು. ಕೆನ್ನೆಯೂ ಇಳಿಯಿತು. ಮರುವರ್ಷ ಅದೇ ಮನೆಗೆ ಪೂಜೆಯ ಅಡಿಗೆಗೆ ಹೋದೆ. ಅಜ್ಜಿ ನನ್ನನ್ನು ನೋಡಿ ತುಂಬ ಬೇಸರದಿಂದ ಕೇಳಿದರು, "ಎಂತ ಭಟ್ರೇ, ಈಗ ಬೇರೆಯವರ ಅಡಿಗೆ ಊಟ ಮಾಡುವುದಾ?"

ಮಂಗಳವಾರ

ಸ್ಟಿರಾಯ್ಡ್ ಇಳಿಸುವಾಗ ಮತ್ತೊಂದು ಮಾತ್ರೆ ಹತ್ತಿಸಿದರು. ಅದು ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಮೂರು ಸಲ ಹೇಳಿ, ನನ್ನ ಬಾಯಿಂದಲೂ ಹೇಳಿಸಿ ಕಳಿಸಿದರು. ನಾನು ಸೋಮವಾರ ಅಂತ ಇಟ್ಟುಕೊಂಡೆ. ಸೋಮವಾರ ನುಂಗುವುದು, ಮಂಗಳವಾರ ಅನುಭವಿಸುವುದು. ಒಗ್ಗರಣೆಗೆ ಸಾಸಿವೆ ಸಿಡಿದರೆ ಸಾಕು, ಹೊಟ್ಟೆಯಿಂದ ಮೇಲೆ ಬರುತ್ತದೆ. ಒಂದು ಸೀಮಂತದ ಮನೆಯಲ್ಲಿ ಬಾಳೆಗಿಡದ ಹಿಂದೆ ಹೋಗಿ ಕಾರಿಕೊಂಡು ಬಂದೆ. ಪುಣ್ಯಕ್ಕೆ ಯಾರೂ ನೋಡಲಿಲ್ಲ. ಅಡಿಗೆಯವ ಕಾರುವುದನ್ನು ನೋಡಿದ ಮೇಲೆ ಎಲೆಯ ಎದುರು ಯಾರು ಕೂರುತ್ತಾರೆ?

ಅಲ್ಲಿಗೆ ಮಂಗಳವಾರದ ಅಡಿಗೆ ಒಪ್ಪುವುದನ್ನು ನಿಲ್ಲಿಸಿದೆ. ಕಾರಣ ಹೇಳಲಿಲ್ಲ. ಸೀಕಿನವ ಅಂತ ಗೊತ್ತಾದರೆ ಮತ್ತೆ ಬುಧವಾರಕ್ಕೂ ಕರೆಯಲಿಕ್ಕಿಲ್ಲ. ಕಾರಣ ಹೇಳದಿದ್ದರೆ ಊರವರು ಒಂದು ಕಾರಣ ಮಾಡಿ ಕೊಡುತ್ತಾರಲ್ಲ. ಭಟ್ಟರದ್ದು ಎಂತದೋ ವ್ರತ, ಮಂಗಳವಾರ ಒಲೆ ಮುಟ್ಟುವುದಿಲ್ಲವಂತೆ ಅಂತ ಸುದ್ದಿಯಾಯಿತು.

ಬ್ಯಾಂಕಿನಿಂದ ನಿವೃತ್ತರಾದ ನೆರೆಮನೆಯವರು ಒಂದು ದಿನ ಜಗಲಿಗೆ ಬಂದು ಕೂತು ಮೆಲ್ಲ ಕೇಳಿದರು, "ವ್ರತದಲ್ಲಿ ಫಲ ಉಂಟಾ?"

"ಉಂಟು. ಬುಧವಾರಕ್ಕಾಗುವಾಗ ಸರಿಯಾಗುತ್ತದೆ" ಎಂದೆ. ಸುಳ್ಳಲ್ಲ.

ಅವರು ಗಂಭೀರವಾಗಿ ತಲೆ ಆಡಿಸಿ ಹೋದರು. ಮರುವಾರದಿಂದ ಅವರ ಮನೆಯಲ್ಲಿ ಮಂಗಳವಾರ ಒಲೆ ಹೊತ್ತಿಸುವುದು ನಿಂತಿತು. ಅವಲಕ್ಕಿ, ಮೊಸರು, ಬಾಳೆಹಣ್ಣು, ಅಷ್ಟೇ. ನನ್ನ ಮನಸ್ಸಿಗೆ ಚುಚ್ಚಲಿಕ್ಕೆ ಸುರುವಾಯಿತು. ನನ್ನ ವಾಂತಿಗೆ ಪಾಪ ಅವರು ಉಪವಾಸ ಮಾಡುವುದಾ ಅಂತ ನಿಜ ಹೇಳಿಬಿಡಲಿಕ್ಕೆ ಅವರ ಮನೆಗೆ ಹೋದೆ. ಅವರಿರಲಿಲ್ಲ, ಅವರ ಹೆಂಡತಿ ಅಂಗಳದಲ್ಲಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಕೈಮುಗಿದರು.

"ಮೂವತ್ತು ವರ್ಷದಲ್ಲಿ ಮೊದಲ ಸಲ ವಾರಕ್ಕೊಂದು ದಿನ ರಜೆ ಸಿಕ್ಕಿತು ಭಟ್ರೇ. ಶುಕ್ರವಾರಕ್ಕೂ ಒಂದು ವ್ರತ ಉಂಟಾ, ಸ್ವಲ್ಪ ನೋಡಿ."

ಬೋಳುಮಂಡೆ

ಅದೇ ಮಾತ್ರೆಗೆ ಮೂರನೇ ವರ್ಷ ಕೂದಲು ಉದುರಲಿಕ್ಕೆ ಸುರುವಾಯಿತು. ಬೇರೆ ಕೆಲಸದವರಿಗಾದರೆ ಅದು ಚಂದದ ಪ್ರಶ್ನೆ. ಅಡಿಗೆಯವನಿಗೆ ಹಾಗಲ್ಲ. ಪಾಯಸದಲ್ಲಿ ಒಂದು ಕೂದಲು ಸಿಕ್ಕಿದರೆ ಅದು ಹತ್ತು ಊರಿಗೆ ಗೊತ್ತಾಗುತ್ತದೆ. ತಲೆಗೆ ಬೈರಾಸು ಕಟ್ಟಿ ನೋಡಿದೆ, ಆಗಲಿಲ್ಲ. ಪೂರ್ತಿ ಬೋಳಿಸಿಬಿಟ್ಟೆ.

ನಮ್ಮಲ್ಲಿ ಗಂಡಸು ಮಂಡೆ ಬೋಳಿಸಿದರೆ ಜನರಿಗೆ ಹೊಳೆಯುವುದು ಎರಡೇ. ಒಂದೋ ತಿರುಪತಿ, ಇಲ್ಲವಾದರೆ ಅಪ್ಪನೋ ಅಮ್ಮನೋ ಹೋದದ್ದು. ನನ್ನ ಅಪ್ಪ ತೀರಿ ಬಹಳ ಕಾಲ ಆಗಿತ್ತು. ಬದಿಯಡ್ಕ ಪೇಟೆಯಲ್ಲಿ ನಾನು ನಡೆದು ಹೋಗುವುದನ್ನು ಒಬ್ಬರು ಬಸ್ಸಿನೊಳಗಿನಿಂದ ನೋಡಿದ್ದಾರೆ. ಅವರ ಮಗಳ ಮದುವೆಗೆ ನಾನೇ ಅಡಿಗೆ ಮಾಡಿದ್ದು. ಮಾರನೇ ದಿನ ಮುಖ ಸಣ್ಣ ಮಾಡಿಕೊಂಡು ನಮ್ಮ ಮನೆಗೆ ಬಂದರು. ನಾನು ಇರಲಿಲ್ಲ. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಅಮ್ಮ ಅವರನ್ನು ಕೂತುಕೊಳ್ಳಲಿಕ್ಕೆ ಹೇಳಿದರು. ಅವರು ಅಮ್ಮನನ್ನು ಮೊದಲು ನೋಡಿದವರಲ್ಲ.

"ಭಟ್ರ ಅಮ್ಮನ ವಿಷಯ ನನಗೆ ಗೊತ್ತೇ ಆಗಲಿಲ್ಲ. ಕೊನೆಗೆ ತುಂಬ ಕಷ್ಟಪಟ್ಟರಾ?" ಎಂದು ಕೇಳಿದರು.

"ಹಾಗೇನಿಲ್ಲ. ಮೊಣಕಾಲು ಸ್ವಲ್ಪ ನೋಯುತ್ತದೆ, ಅಷ್ಟೇ. ಬೆಲ್ಲ, ನೀರು ತರಲಾ?" ಎಂದರು ಅಮ್ಮ.

ಅವರಿಗೆ ತಲೆಬುಡ ತಿಳಿಯಲಿಲ್ಲ. "ತಾವು ಯಾರು ಅಂತ..."

"ಹೋದಳು ಅಂತ ಎಣಿಸಿದಿರಲ್ಲ, ಅವಳೇ ನಾನು."

ಅವರು ಬೆಲ್ಲವನ್ನೂ ಮುಟ್ಟದೆ ಓಡಿದರಂತೆ. ನಾನು ಬಂದ ಮೇಲೆ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗಾಡಿಕೊಂಡು ಇದನ್ನು ಹೇಳಿದರು. ಹೇಳಿ ಮುಗಿದ ಮೇಲೂ ಕಣ್ಣಿನ ನೀರು ನಿಲ್ಲಲಿಲ್ಲ. ಹತ್ತಿರ ಕರೆದು ನನ್ನ ಬೋಳುಮಂಡೆಯನ್ನು ಅಂಗೈಯಿಂದ ಸವರಿದರು. ನನಗೂ ದುಃಖ ಒತ್ತರಿಸಿ ಬಂತು. ಎಪ್ಪತ್ತೆಂಟರ ಮುದುಕಿಗೆ ಇದನ್ನು ತೋರಿಸಬೇಕಾಯಿತಲ್ಲ ಅಂತ.

"ಅಮ್ಮ ಹೋದಾಗ ಮಗ ಹೇಗೆ ಕಾಣುತ್ತಾನೆ ಅಂತ ಯಾವ ತಾಯಿಗೂ ನೋಡಲಿಕ್ಕೆ ಸಿಗುವುದಿಲ್ಲ. ನನಗೆ ಸಿಕ್ಕಿತು. ಪರವಾಗಿಲ್ಲ, ನಿನಗೆ ಒಪ್ಪುತ್ತದೆ" ಎಂದರು.

ಮೂರು ಹಿಡಿ

ಇದು ಈ ವರ್ಷದ್ದು. ನಮ್ಮ ಕಡೆ ಪೂಜೆ, ಉಪನಯನದ ಅಡಿಗೆಯನ್ನು ನೈವೇದ್ಯ ಆಗುವ ಮೊದಲು ಯಾರೂ ಬಾಯಿಗೆ ಹಾಕಿ ನೋಡುವ ಹಾಗಿಲ್ಲ. ಅಡಿಗೆಯವನೂ ನೋಡುವ ಹಾಗಿಲ್ಲ. ಉಪ್ಪಿಗೆ ಕೈಯೇ ಅಳತೆ. ಒಂದು ಕೊಪ್ಪರಿಗೆ ಸಾರಿಗೆ ನನ್ನ ಮೂರು ಹಿಡಿ. ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವೂ ಉಂಟು, ಒಪ್ಪಿಕೊಳ್ಳುತ್ತೇನೆ.

ಎರಡು ವರ್ಷದಿಂದ ಬೆರಳಿನ ಗಂಟು ಮತ್ತೆ ಬಾತು ಮುಷ್ಟಿ ಪೂರ್ತಿ ಕೂಡುತ್ತಿರಲಿಲ್ಲ. ಉಪ್ಪು ಹಿಡಿದರೆ ಅರ್ಧ ಬೆರಳ ಸಂದಿಯಿಂದ ಉದುರುತ್ತದೆ. ಅದು ಸಾಲದು ಅಂತ ಮಾತ್ರೆಯಿಂದ ಬಾಯಿ ಇಡೀ ಹುಣ್ಣು. ಊಟಕ್ಕೆ ಕೂತರೂ ರುಚಿ ಗೊತ್ತಾಗುವುದಿಲ್ಲ. ಯಾರಿಗೂ ಹೇಳಲಿಲ್ಲ. ಅದೇ ಮೂರು ಹಿಡಿ ಹಾಕುತ್ತಾ ಬಂದೆ. ಆಶ್ಚರ್ಯ ಎಂತ ಅಂದರೆ ಸಾರು ಮೊದಲಿನ ಹಾಗೆಯೇ ಇದೆ ಅಂತ ಎಲ್ಲರೂ ಹೇಳುತ್ತಿದ್ದರು. ಕೈ ಹೋದರೂ ಕೈಗುಣ ಹೋಗಲಿಲ್ಲ ಅಂತ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಈ ಬೇಸಿಗೆಯಲ್ಲಿ ಬೇನೆ ವಿಪರೀತ ಆಗಿ ಡಾಕ್ಟರು ಸ್ವಲ್ಪ ದಿನಕ್ಕೆ ಸ್ಟಿರಾಯ್ಡ್ ಏರಿಸಿದರು. ಒಂದು ಉಪನಯನದ ದಿನ ಬೆಳಿಗ್ಗೆ ಎದ್ದು ನೋಡಿದರೆ ಮುಷ್ಟಿ ಪೂರ್ತಿ ಮಡಚಿತು. ತೆರೆದೆ, ಮಡಚಿದೆ, ಮತ್ತೆ ತೆರೆದೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನನ್ನ ಮುಷ್ಟಿಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆ ದಿನ ಸಾರಿಗೆ ಉಪ್ಪು ಹಾಕುವಾಗ ನಾನು ಒಂದು ರಾಜನ ಹಾಗೆ ಹಾಕಿದೆ. ಮೂರು ಹಿಡಿ, ಒಂದು ಕಾಳು ಕೆಳಗೆ ಬೀಳಲಿಲ್ಲ.

ನೈವೇದ್ಯ ಆಯಿತು, ಮೊದಲ ಪಂಕ್ತಿ ಕೂತಿತು, ಸಾರು ಬಡಿಸಿದರು. ಒಬ್ಬರು "ನೀರು" ಎಂದರು. ಪಕ್ಕದವರು "ಇಲ್ಲಿಗೂ" ಎಂದರು. ಮತ್ತೆ ಆ ತುದಿಯಿಂದ ಈ ತುದಿವರೆಗೆ ನೀರೇ ನೀರು. ಮನೆಯ ಯಜಮಾನರು ಅಡಿಗೆ ಚಪ್ಪರಕ್ಕೆ ಬಂದು ಮೆಲ್ಲ ಕೇಳಿದರು, "ಭಟ್ರೇ, ಸಾರಿನ ನೀರು ನಮ್ಮ ಬಾವಿಯದ್ದಲ್ವಾ? ಕುಂಬಳೆ ಕಡಪ್ಪುರದ ಸಮುದ್ರದಿಂದ ತರಿಸಿದಿರಾ?"

ನಾನು ಒಂದು ಸೌಟು ಬಾಯಿಗೆ ಹಾಕಿಕೊಂಡೆ. ಹುಣ್ಣು ಉರಿದದ್ದು ಬಿಟ್ಟರೆ ಎಂತ ಗೊತ್ತಾಗಲಿಲ್ಲ. ಇವತ್ತಿಗೆ ನನ್ನ ಅಡಿಗೆ ಮುಗಿಯಿತು ಅಂತಲೇ ಎಣಿಸಿದೆ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಒಲೆ ನೋಡುವವ ನನ್ನ ಹೆಂಡತಿಯ ತಮ್ಮ. ಅವನನ್ನು ಕೇಳಿದೆ, "ಎಂತ ಆದದ್ದು ಮಾರಾಯ?"

ಅವನು ನೆಲ ನೋಡಿಕೊಂಡು ಕೇಳಿದ, "ಭಾವ, ನೀವು ಇವತ್ತು ಹಿಡಿ ತುಂಬ ಹಾಕಿದಿರಾ?"

"ಮೂರು ಹಿಡಿ. ಯಾವಾಗಿನ ಹಾಗೆ."

"ಹಾಗಾದರೆ ಹೆಚ್ಚಾದದ್ದು ನನ್ನದು."

ಎರಡು ವರ್ಷದಿಂದ ನಾನು ಉಪ್ಪು ಹಾಕಿ ಆಚೆ ತಿರುಗಿದ ಕೂಡಲೇ ನನ್ನ ಕೈಯಿಂದ ಉದುರಿದಷ್ಟನ್ನು ಅವನು ಹಾಕುತ್ತಿದ್ದನಂತೆ. ಅಕ್ಕನಿಗೂ ಹೇಳಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಗೆ ಬಂದ ಹಾಗೆ ಬೈದೆ. ಅವನು ಬೈಸಿಕೊಳ್ಳುತ್ತಲೇ ಸಾರಿಗೆ ಬಿಸಿನೀರು, ಹುಳಿ, ಬೆಲ್ಲ ಸೇರಿಸಿ ಎರಡನೇ ಪಂಕ್ತಿಗೆ ಸರಿ ಮಾಡಿದ. ಎಲ್ಲ ಮುಗಿದ ಮೇಲೆ ನಾನು ಪಾತ್ರೆಗಳ ನಡುವೆ ಕೂತು ಅತ್ತೆ. ಅಹಂಕಾರ ಮುರಿದದ್ದಕ್ಕಾ, ಅವನ ಪ್ರೀತಿಗಾ, ನನಗೇ ಗೊತ್ತಿಲ್ಲ. ಎರಡಕ್ಕೂ ಇರಬೇಕು.

ಸ್ಟಿರಾಯ್ಡ್ ಜಾಸ್ತಿ ದಿನ ಕೊಡುವ ಹಾಗಿಲ್ಲ. ಡಾಕ್ಟರು ಇಳಿಸಿದರು. ಒಂದು ತಿಂಗಳಲ್ಲಿ ನನ್ನ ಮುಷ್ಟಿ ಮತ್ತೆ ಅರ್ಧಕ್ಕೆ ನಿಂತಿತು. ಮುಂದಿನ ಅಡಿಗೆಯ ದಿನ ಉಪ್ಪಿನ ಪಾತ್ರೆಯನ್ನು ಅವನ ಕಡೆಗೆ ದೂಡಿ ಹೇಳಿದೆ, "ಇನ್ನು ನೀನೇ ಹಾಕು." ಆ ಮಾತು ಹೇಳಲಿಕ್ಕೆ ನನಗೆ ಎಷ್ಟು ಕಷ್ಟವಾಯಿತು ಅಂತ ನನಗೇ ಗೊತ್ತು.

ಅವನು ಪಾತ್ರೆಯನ್ನು ವಾಪಸು ನನ್ನ ಕಡೆಗೇ ದೂಡಿದ. "ನೀವು ಹಾಕಿ. ಆಮೇಲೆ ಆಚೆ ನೋಡಿ."

"ಈಗ ಗೊತ್ತಾಯಿತಲ್ಲ, ಇನ್ನು ಆಚೆ ನೋಡುವುದು ಎಂತಕ್ಕೆ?"

"ನೀವು ನೋಡುತ್ತಾ ಇದ್ದರೆ ನನ್ನ ಕೈ ನಡುಗುತ್ತದೆ ಭಾವ. ಅಳತೆ ತಪ್ಪುತ್ತದೆ."

ಹಾಗೆ ಈಗ ನಾನು ನನ್ನ ಮೂರು ಅರ್ಧ ಹಿಡಿ ಹಾಕಿ ಗೋಡೆ ನೋಡಿಕೊಂಡು ನಿಲ್ಲುತ್ತೇನೆ. ಹೋದ ವಾರ ಒಂದು ಪೂಜೆಯ ಮನೆಯಲ್ಲಿ, ಆಗಿರಬಹುದು ಅಂತ ತಿರುಗಿದೆ. ಅವನ ಕೈ ಇನ್ನೂ ಉಪ್ಪಿನಲ್ಲೇ ಇತ್ತು.

"ಇನ್ನೂ ಆಗಲಿಲ್ಲ ಭಾವ. ಸ್ವಲ್ಪ ಆಚೆ ನೋಡಿ" ಎಂದ.

ನೋಡಿದೆ.