ಇಣಚಿಗೆ ಯಾಲಕ್ಕಿ ರುಚಿ ಹತ್ತಿಸಿದ್ದು

ಪ್ರಾಣಿಗಳನ್ನು ಪಳಗಿಸುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ಬಹಳ ದಿನ ನಂಬಿದ್ದೆ. ನಾಯಿ, ಬೆಕ್ಕು, ಗಿಳಿಗಳನ್ನು ಯಾರು ಬೇಕಾದರೂ ಸಾಕುತ್ತಾರೆ. ಅದರಲ್ಲೇನು ಹೆಚ್ಚುಗಾರಿಕೆ? ನಾನು ಸಾಕಿದ್ದು ಅಳಿಲನ್ನು! ನಮ್ಮ ಕಡೆಯವರ ಬಾಯಲ್ಲಿ ಅದು ಇಣಚಿ.

ಹಾವೇರಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಬೇವಿನ ಮರದಿಂದ ಬಿದ್ದಾಗ ಅದಿನ್ನೂ ಕಣ್ಣು ಬಿಟ್ಟಿರಲಿಲ್ಲ. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿದವಳು ನನ್ನ ಹೆಂಡತಿ ಗಿರಿಜಾ. ಹೆಸರು ಬಂದದ್ದು ನನಗೆ. ದೊಡ್ಡದಾದ ಮೇಲೆ ಅದು ನನ್ನ ದಿಂಬಿನ ಮೇಲೆಯೇ ಮಲಗತೊಡಗಿತು, ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆ ಗತ್ತು ನೋಡಿ ಗಿರಿಜಾ ಅದಕ್ಕೆ ‘ಚೇರ್ಮನ್’ ಎಂದು ಹೆಸರಿಟ್ಟಳು.

ಚೇರ್ಮನ್ನರಿಗೆ ಶಿಸ್ತು ಕಲಿಸುವ ಮಹತ್ಕಾರ್ಯವನ್ನು ನಾನು ಕೈಗೆತ್ತಿಕೊಂಡೆ. ಕರೆದರೆ ಬರಬೇಕು, ಭುಜ ಹತ್ತಬೇಕು, ಜೇಬಿಗೆ ಇಳಿಯಬೇಕು. ಶೇಂಗಾ ತೋರಿಸಿದೆ. ತಿಂದರು, ಹೋದರು. ಕೊಬ್ಬರಿ ತೋರಿಸಿದೆ. ಅದನ್ನೂ ತಿಂದು ಹೋದರು! ಒಂದು ಸಂಜೆ ಚಹಾಕ್ಕೆಂದು ತೆಗೆದ ಯಾಲಕ್ಕಿ ನನ್ನ ಕೈಯಲ್ಲಿತ್ತು. ಚೇರ್ಮನ್ನರು ಕಿಟಕಿಯ ಪರದೆಯಿಂದ ನೇರ ನನ್ನ ಭುಜಕ್ಕೆ ಹಾರಿದರು.

ಆಮೇಲೆ ನಡೆದದ್ದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಯಾಲಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿತು. ಒಂದೇ ಕಡೆ ಹಲ್ಲಿನಿಂದ ಸೀಳಿತು. ಒಳಗಿನ ಕಾಳನ್ನೆಲ್ಲ ಬಿಡಿಸಿಕೊಂಡು, ಸಿಪ್ಪೆಯನ್ನು ಕೈಬಿಟ್ಟಿತು. ಸಿಪ್ಪೆ ಮೇಲ್ನೋಟಕ್ಕೆ ಇಡೀ ಯಾಲಕ್ಕಿಯ ಹಾಗೇ ಇತ್ತು! ಇಷ್ಟು ಸಣ್ಣ ಬೆರಳಿಗೆ ಈ ಕಸಬು ಕಲಿಸಿದವರು ಯಾರು? ನಿಜ ಹೇಳುತ್ತೇನೆ, ನನ್ನ ಮೈ ಜುಮ್ಮೆಂದಿತು. ಅಂದಿನಿಂದ ದಿನವೂ ಯಾಲಕ್ಕಿಯ ತರಬೇತಿ ನಡೆಯಿತು.

“ನಮ್ಮ ಚಾದಾಗ ಯಾಲಕ್ಕಿ ಬಿದ್ದು ತಿಂಗಳಾತು. ಇಣಚಿ ನಿಮಗ ಕಲಸಾಕತ್ತೈತೋ, ನೀವು ಇಣಚಿಗೋ?” ಎಂದಳು ಗಿರಿಜಾ. ನಾನು ಕೇಳಿಸಿಕೊಳ್ಳಲಿಲ್ಲ.

ಆಗಲೇ ಅವಳ ತಂಗಿ ಶೈಲಾಳ ಮದುವೆ ಗೊತ್ತಾಯಿತು. ಮದುವೆ ಬ್ಯಾಡಗಿಯಲ್ಲಿ, ಮಾವನವರ ಊರಲ್ಲಿ. ಗಂಡಿನ ತಂದೆ ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜದ ವ್ಯಾಪಾರಿ. “ನಮಗ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ಮಗನ ಕೊಳ್ಳಾಗ ಹಾವೇರಿ ಯಾಲಕ್ಕಿ ಮಾಲಿ ಒಂದು ಬಿದ್ರ ಸಾಕು” ಎಂದಿದ್ದರಂತೆ. ಹಾವೇರಿಯಲ್ಲಿದ್ದ ಅಳಿಯ ನಾನೊಬ್ಬನೇ.

ಮಾವನವರು ಫೋನ್ ಮಾಡಿದರು. “ಬೀಗರು ಬಾಯಿಬಿಟ್ಟು ಕೇಳಿದ್ದು ಅದೊಂದ, ಅಳಿಯಂದ್ರ. ನನ್ನ ಮಾನ ನಿಮ್ಮ ಕೈಯಾಗ ಐತಿ.”

“ನಾ ಇದ್ದೇನಲ್ರಿ ಮಾವಾರ, ನಿಮಗ್ಯಾಕ ಚಿಂತಿ?” ಎಂದೆ. ಹಾಗೆ ಹೇಳಬಾರದಿತ್ತು.

ಮೂರೆಳೆಯ ಮಾಲೆ, ನಡುನಡುವೆ ಜರಿ, ಮಣಿ. ತಂದು ಕಪಾಟಿನೊಳಗಿನ ಮೊಳೆಗೆ ನೇತುಹಾಕಿದೆ. ಆ ಕಪಾಟಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಎಂದು ನನಗೆ ಗೊತ್ತಿತ್ತು. ಚೇರ್ಮನ್ನರಿಗೂ ಗೊತ್ತಿತ್ತು! ಮರುದಿನದಿಂದ ನೆಲದ ಮೇಲೆ ಯಾಲಕ್ಕಿ ಚೂರು ಬಿದ್ದಿರುತ್ತಿದ್ದವು. ತರಬೇತಿ ನಡೆಯುವ ಮನೆಯಲ್ಲಿ ಅದೇನು ಹೊಸತಲ್ಲವಲ್ಲ, ಗುಡಿಸಿ ಹಾಕಿದೆ.

ಹೊರಡುವ ದಿನ ಗಿರಿಜಾ ಮಾಲೆಯನ್ನು ಕೈಗೆತ್ತಿಕೊಂಡು, “ಬಾಳ ಹಗುರ ಐತಲ್ರಿ” ಎಂದಳು.

“ಛಲೋ ಯಾಲಕ್ಕಿ ಹಗುರನ ಇರ್ತೈತಿ” ಎಂದು ನಾನು ಪಂಡಿತನಂತೆ ನುಡಿದೆ.

“ಇರ್ಲಿ. ಮದುವಿಗೆ ಇಣಚಿ ಮಾತ್ರ ತರಬ್ಯಾಡ್ರಿ. ಬಾಜೂಮನಿಯಾಗ ಬಿಟ್ಟು ಬರ್ರಿ.”

ಹೂಂ ಎಂದು ಹೊರಗೆ ಹೋದವನು ಚೇರ್ಮನ್ನರನ್ನು ಜುಬ್ಬಾದ ಜೇಬಿಗೆ ಇಳಿಸಿಕೊಂಡು ಬಂದೆ. ನಾಲ್ಕು ಜನ ಸೇರುವ ಕಡೆ ನನ್ನ ವಿದ್ಯೆ ತೋರಿಸದಿದ್ದರೆ ಅದಕ್ಕೇನು ಬೆಲೆ?

ಬ್ಯಾಡಗಿಯ ಮಂಟಪದಲ್ಲಿ ಬೀಗರು ಬಂದಿಳಿದರು. ಬಾಜಾ ಮೊಳಗಿತು. ಮಾವನವರು ಗಂಡಿನ ಕೊರಳಿಗೆ ಮಾಲೆ ಹಾಕಿದರು. ಎಲ್ಲರೂ ಆಹಾ ಎಂದರು. ಆದರೆ ಬೀಜದ ವ್ಯಾಪಾರಿಯ ಬೆರಳು ಸುಮ್ಮನಿರುವುದಿಲ್ಲ. ಬೀಗರು ಮಗನ ಎದೆಯ ಮೇಲಿದ್ದ ಒಂದು ಯಾಲಕ್ಕಿಯನ್ನು ರೂಢಿಯಂತೆ ಒತ್ತಿ ನೋಡಿದರು. ಅದು ಚಪ್ಪಟೆಯಾಯಿತು. ಇನ್ನೊಂದು ಒತ್ತಿದರು. ಅದೂ ಚಪ್ಪಟೆ!

“ಏನ್ರಿ ಇದು, ಎಲ್ಲಾ ಜೊಳ್ಳ ಅದಾವ!”

ಬಾಜಾ ನಿಂತಿತು. ಮಾವನವರ ಮುಖ ಬಿಳಿಚಿಕೊಂಡಿತು. ಅವರು ನನ್ನತ್ತ ನೋಡಿದರು. ಅವರ ಹಿಂದೆ ನಿಂತಿದ್ದ ಗಿರಿಜಾಳೂ ನೋಡಿದಳು. ಆ ನೋಟವನ್ನು ವರ್ಣಿಸುವ ಶಕ್ತಿ ನನಗಿಲ್ಲ.

“ಇಣಚಿ ತಿಂದೈತ್ರಿ” ಎಂದೆ.

“ಇಣಚಿ ತಿಂದು, ಹೊಳ್ಳಿ ಪೋಣಿಸಿಟ್ಟೈತೇನು?” ಎಂದು ಗಂಡಿನ ಸೋದರತ್ತೆಯೊಬ್ಬರು ಕೇಳಿದರು. ಅವರ ಕಡೆಯವರೆಲ್ಲ ನಕ್ಕರು. ಬೀಗರು ನಗಲಿಲ್ಲ. “ಕೇಳಿದ್ದು ಒಂದ. ಅದರಾಗೂ ಜೊಳ್ಳು ಕೊಟ್ರಿ” ಎಂದು ಮಾವನವರಿಗೆ ಹೇಳಿ ಕುರ್ಚಿಯ ಮೇಲಿನ ಶಲ್ಯ ಎತ್ತಿಕೊಂಡರು. ಮಾವನವರು ಎರಡೂ ಕೈ ಜೋಡಿಸಿದರು. ನನಗೆ ಅಳು ಬಂದಂತಾಯಿತು.

ಬೇರೆ ದಾರಿಯಿರಲಿಲ್ಲ. ಜೇಬಿಗೆ ಕೈಹಾಕಿ ಸಾಕ್ಷಿಯನ್ನು ಸಭೆಗೆ ಹಾಜರುಪಡಿಸಿದೆ. ಚೇರ್ಮನ್ನರು ನಿದ್ದೆಯಲ್ಲಿದ್ದರು!

“ಬಾ, ಹತ್ತು” ಎಂದೆ. ಕಣ್ಣು ಬಿಟ್ಟು, ನನ್ನನ್ನು ನೋಡಿ, ಮತ್ತೆ ಮುಚ್ಚಿದರು. ಕೊನೆಗೆ ಅಡುಗೆಯವರು ಒಂದು ಯಾಲಕ್ಕಿ ತಂದು ಬೀಗರ ಅಂಗೈಗೆ ಹಾಕಿದರು. ಚೇರ್ಮನ್ನರು ನನ್ನ ಮೂಗಿನ ಮೇಲೆ ಕಾಲಿಟ್ಟು ಬೀಗರ ತೋಳಿಗೆ ಜಿಗಿದರು.

ಅದು ಅಂಗೈಯಲ್ಲಿ ಕೂತು ಯಾಲಕ್ಕಿಯನ್ನು ತಿರುಗಿಸಿತು, ಸೀಳಿತು, ಕಾಳು ಬಿಡಿಸಿತು. ಅಡುಗೆಯವರು ಸೌಟು ಹಿಡಿದೇ ನಿಂತರು. ಮದುಮಗ ಬಾಸಿಂಗ ಸರಿಸಿಕೊಂಡು ಬಗ್ಗಿ ನೋಡಿದ. ದಿನವೂ ನೋಡುವ ನಾನೇ ಬಾಯಿಬಿಟ್ಟಿದ್ದೆ. ಖಾಲಿ ಸಿಪ್ಪೆಯನ್ನು ಬೀಗರ ಕೈಯಲ್ಲೇ ಬಿಟ್ಟು ಅದು ಮೀಸೆ ಒರೆಸಿಕೊಂಡಿತು.

ಬೀಗರು ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮಾಲೆಯ ಯಾಲಕ್ಕಿಯ ಹಿಂಭಾಗ ತಿರುಗಿಸಿ ನೋಡಿದರು. ಅದೇ ಸೀಳು! “ಇಷ್ಟು ವರ್ಷ ಬೀಜದಾಗ ಕೈ ಇಟ್ಟೇನಿ, ಇಂಥಾ ಕೈ ನೋಡಿಲ್ಲ” ಎಂದರು. ಶಲ್ಯವನ್ನು ಕುರ್ಚಿಗೆ ಹಾಕಿ, ಮಾವನವರ ಕೈ ಹಿಡಿದು, “ತಪ್ಪು ತಿಳೀಬ್ಯಾಡ್ರಿ ಬೀಗ್ರ” ಎಂದರು.

ಮಾನ ಉಳಿದಿತ್ತು. ನಾನು ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. “ಎಲ್ಲಾ ನಾನ ಕಲಿಸಿದ್ರಿ!” ಎಂದು ಎದೆಯುಬ್ಬಿಸಿದೆ.

“ಹಂಗಾರ ಮಾಲಿ ತಿನ್ನಾಕ ಹಚ್ಚಿದಾವ್ರು ನೀವ ಅಂದಂಗಾತು!” ಎಂದಳು ಗಿರಿಜಾ. ಈ ಸಲ ಬೀಗರೂ ನಕ್ಕರು. ಮಾವನವರಂತೂ ಎಲ್ಲರಿಗಿಂತ ಜೋರಾಗಿ ನಕ್ಕರು.

ಮರುವರ್ಷ ಶೈಲಾಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆಯಲು ಬೀಗರು ರಾಣೆಬೆನ್ನೂರಿನಿಂದ ಸ್ವತಃ ಫೋನ್ ಮಾಡಿದರು. ನನಗೆ ಹಿಗ್ಗೋ ಹಿಗ್ಗು.

“ಇಣಚಿ ಬರಾಕ ಬೇಕು ನೋಡ್ರಿ, ಮನಿ ಮಂದಿಯೆಲ್ಲಾ ಕಾಯಾಕತ್ತಾರ” ಎಂದರು. “ನಿಮಗ ರಜಾ ಸಿಗಲಿಲ್ಲಂದ್ರ ಏನ ಅಡ್ಡಿಯಿಲ್ಲ. ಯಾರದರ ಕೈಯಾಗ ಕೊಟ್ಟು ಕಳಸ್ರಿ.”

ರಜೆ ಹಾಕಿ ನಾನೇ ಒಯ್ದು ಮುಟ್ಟಿಸಿದೆ.