ಹಾರಕ್ಕೆ ಹೆದರುವ ಹುಡುಗಿ

ನಮ್ಮ ಅಣ್ಣನ ಮಗಳಿಗೆ ಹೂವಿನ ಹಾರವೆಂದರೆ ಹಾವಿಗಿಂತ ಹೆಚ್ಚು ಭಯ. ಹಾವಾದರೂ ವಾಸಿ, ಮೈಕಿನಲ್ಲಿ ಹೆಸರು ಕೂಗುವುದಿಲ್ಲ!

ಎಲ್ಲಿ ಪುಕ್ಕಟೆ ಕೆಲಸವಿದೆಯೋ ಅಲ್ಲಿ ಆಕೆ ಹಾಜರು. ದೋಣಿಮಲೈ ಕ್ವಾರ್ಟರ್ಸಿನಲ್ಲಿ ಗೆಳತಿಯರನ್ನು ಕಟ್ಟಿಕೊಂಡು ಬೇಸಿಗೆಯಿಡೀ ಸಸಿಗಳಿಗೆ ನೀರು ಹೊತ್ತಳು. ಸನ್ಮಾನದ ದಿನ ಹೆಸರು ಕರೆದರೆ ಆಕೆ ಅಲ್ಲಿಲ್ಲ. ವೇದಿಕೆಯ ಹಿಂದೆ ಉಪ್ಪಿಟ್ಟಿನ ಪಾತ್ರೆ ತಿಕ್ಕುತ್ತಿದ್ದಾಳೆ. ಎತ್ತಿದ ಹಾರ ಇಳಿಸಲಾರದೆ ಅಧ್ಯಕ್ಷರು ಮುಂದಿನ ಸಾಲಿನಲ್ಲಿದ್ದ ನನ್ನ ಕೊರಳಿಗೇ ಹಾಕಿಬಿಟ್ಟರು. ಒಂದು ತಂಬಿಗೆ ನೀರೂ ಹಾಕದವನು ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಬಂದೆ.

“ಹಾರ ಹಾಕಿಸ್ಕೊಂಡ್ರ ಏನಾಕ್ಕೈತಿ?” ಎಂದು ಕೇಳಿದೆ.

“ಕುತ್ತಿಗಿ ತುರಸ್ತೈತಿ, ಕಾಕಾ.”

“ಹಂಗಾರ ನಿನಗ ಏನೂ ಬ್ಯಾಡೇನು?”

“ಏನೂ ಬ್ಯಾಡ.”

ಏನೂ ಬೇಡದ ಮನುಷ್ಯರು ಇರುತ್ತಾರೆಯೇ? ನಾನಂತೂ ಕಂಡಿರಲಿಲ್ಲ. ನೋಡಿಯೇ ಬಿಡೋಣವೆಂದು ಕಾದೆ.

ಕಂಪ್ಲಿಯಲ್ಲಿ ಕಣ್ಣಿನ ಆಪರೇಷನ್ ಶಿಬಿರ ನಡೆಯಿತು; ನಾವಿಬ್ಬರೂ ಸೇವೆಗೆ ಹೋದೆವು. ಗಂಜಿ, ಗುಳಿಗೆ ಹೊತ್ತಿಗೆ ಸರಿಯಾಗಿ ಹೋಗುವಂತೆ ನೋಡುವುದು ನನ್ನ ಕೆಲಸ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಬುಕ್ಕಸಾಗರದ ಅಜ್ಜಿಯನ್ನು ಕೈಹಿಡಿದು ನಡೆಸುವುದು, ಉಣಿಸುವುದು, ಆಕೆಯೊಡನೆ ಹರಟುವುದು ನಮ್ಮವಳ ಕೆಲಸ.

“ಪಟ್ಟಿ ಬಿಚ್ಚಿದ ಕೂಡ್ಲೆ ಮೊದ್ಲು ನಿನ್ನ ಮಾರಿ ನೋಡ್ತೀನಿ, ತಂಗಿ,” ಎನ್ನುತ್ತಿದ್ದಳು ಅಜ್ಜಿ.

“ಬ್ಯಾಡಬೇ, ಹೆದರಿ ಮತ್ತ ಕಣ್ಣು ಮುಚ್ಕೊಂತಿ.”

ಪಟ್ಟಿ ಬಿಚ್ಚುವ ದಿನ ನಮ್ಮವಳು ನನಗಿಂತ ಮೊದಲೇ ಎದ್ದು, ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು ನಿಂತಿದ್ದಳು. ಏನೂ ಬೇಡದವಳಿಗೆ ಇಸ್ತ್ರಿ ಏಕೆ? ಶಿಬಿರದಲ್ಲಿ ಜೊತೆಗೆ ದುಡಿದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ತಾನೂ ನಡುವೆ ಸೇರಿಕೊಂಡು, “ಯಾರೂ ಬಾಯಿ ಬಿಡಬ್ಯಾಡ್ರಿ. ಅಜ್ಜಿ ತಾನಾ ನನ್ನ ಹುಡುಕ್ಲಿ,” ಎಂದು ತಾಕೀತು ಮಾಡಿದಳು.

ಅಜ್ಜಿ ಕಣ್ಣು ಪಿಳುಕಿಸಿದಳು. ಒಬ್ಬೊಬ್ಬರನ್ನೇ ನೋಡುತ್ತ ನಮ್ಮವಳನ್ನು ದಾಟಿ ಹೋಗಿ, ಅಂದು ಬೆಳಿಗ್ಗೆಯಷ್ಟೇ ಚಹಾ ಹಂಚಲು ಬಂದಿದ್ದ ಹುಡುಗಿಯ ಗಲ್ಲ ಹಿಡಿದು, “ನೀನಾ ಅಲ್ಲೇನವ್ವಾ,” ಎಂದು ಅತ್ತೇಬಿಟ್ಟಳು. ಆ ಹುಡುಗಿ ಗಾಬರಿಯಿಂದ ನಮ್ಮವಳ ಕಡೆ ನೋಡಿದಳು. ನಮ್ಮವಳು ತುಟಿಗೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದಳು.

ಅಂದೇ ದೋಣಿಮಲೈಗೆ ಹೊರಟ ನಮ್ಮಿಬ್ಬರ ಬಸ್ಸು ಹೊಸಪೇಟೆ ನಿಲ್ದಾಣದಲ್ಲಿ ನಿಂತಿತು. ಆಕೆ ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು:

“ಕಾಕಾ, ಆಗ ಅಜ್ಜಿ ಮುಂದ ನಾ ಒಂದು ಮಾತರ ಆಡಬೇಕಿತ್ತೇನು?”

ಎದುರಿಗೆ ಕಂಪ್ಲಿಗೆ ಹೊರಡುವ ಬಸ್ಸು ನಿಂತಿತ್ತು.

“ಅಜ್ಜಿ ಊರಿಗೆ ಹೋಗೋದು ನಾಳಿಗೆ. ಇಳಿ,” ಎಂದೆ.

ನಾನು ಚೀಲ ಎತ್ತಿಕೊಂಡು ಇಳಿಯುವಷ್ಟರಲ್ಲಿ ಆಕೆ ಆ ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ಎಸೆದು ಇಬ್ಬರಿಗೂ ಜಾಗ ಹಿಡಿದಿದ್ದಳು.