ಕಳ್ಳಜೇಬು

ಬಾಣಲೆಯ ರವೆ ಅರ್ಧ ಹುರಿದಿತ್ತು. ಒಗ್ಗರಣೆ ಹಾಕಿ ಹುರಿದು ಡಬ್ಬಿಗೆ ತುಂಬಿಕೊಂಡರೆ ಪ್ಯಾರಿಸ್ಸಿನ ಹೋಟೆಲಿನಲ್ಲಿ ಬಿಸಿನೀರು ಸುರಿದು ಉಪ್ಪಿಟ್ಟು ಮಾಡಿಕೊಳ್ಳಬಹುದು ಎಂಬುದು ವೈಕುಂಠನ ಯೋಜನೆ. ಅಷ್ಟು ದೂರ ಹೋಗಿ ಉಪ್ಪಿಟ್ಟು ಯಾಕೆ ಎಂದು ಪ್ರಫುಲ್ಲಾ ಕೇಳಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಕಂಡುಕೊಂಡಿದ್ದ ದಾರಿ ಒಂದೇ: ಯಾರು ಏನು ಹೇಳಿದರೂ ಹೂಂ ಅನ್ನುವುದು, ಆಮೇಲೆ ತನಗೆ ಬೇಕಾದದ್ದನ್ನು ಸದ್ದಿಲ್ಲದೆ ಮಾಡಿಕೊಳ್ಳುವುದು.

ಈ ಸಲ ಅವಳಿಗೆ ಬೇಕಾಗಿದ್ದದ್ದು ಒಂದು ಬುಧವಾರ.

ಭಾನುವಾರ ಮಧ್ಯಾಹ್ನ ವಿಮಾನ. ಸೋಮವಾರ ಪ್ಯಾರಿಸ್ಸು. ಬುಧವಾರ ಬೆಳಗಿನಿಂದ ಸಂಜೆವರೆಗೆ ವೈಕುಂಠನಿಗೆ ಆಫೀಸಿನ ಮೀಟಿಂಗು. ಅವತ್ತು ಪ್ರಫುಲ್ಲಾ ಒಬ್ಬಳೇ. ಹೋಟೆಲಿನ ಎದುರು ನಿಲ್ಲುವ ಯಾವುದೋ ಬಸ್ಸು ಹತ್ತಬೇಕು, ಕಿಟಕಿ ಪಕ್ಕ ಕೂರಬೇಕು, ಮನಸ್ಸು ಬಂದಲ್ಲಿ ಇಳಿಯಬೇಕು. ನದಿ ಕಂಡರೆ ಬೆಂಚಿನ ಮೇಲೆ ಕೂತು ಒಂದು ಕಾಫಿ. ಫ್ರೀಮಾಂಟಿನ ಡೇಕೇರಿನಲ್ಲಿ ಹತ್ತೊಂಬತ್ತು ವರ್ಷ ಬೇರೆಯವರ ಮಕ್ಕಳ ತಲೆ ಎಣಿಸಿದವಳಿಗೆ ಯಾರ ತಲೆಯನ್ನೂ ಎಣಿಸದ ಒಂದು ದಿನ ಬೇಕಾಗಿತ್ತು. ಇದನ್ನು ಮಗಳು ಸುರಕ್ಷಾಗೆ ಮಾತ್ರ ಹೇಳಿದ್ದಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸಕ್ಕಿರುವ ಸುರಕ್ಷಾ, "ಜಸ್ಟ್ ಗೋ, ಅಮ್ಮ. ಡೋಂಟ್ ಟೆಲ್ ಎನಿಒನ್" ಎಂದಿದ್ದಳು.

ಕಟ್ಟೆಯ ಮೇಲಿದ್ದ ಫೋನು ಟಿಂಗ್ ಎಂದಿತು. ಇನ್ನೊಮ್ಮೆ ಎಂದಿತು. ಆಮೇಲೆ ಸಾಸಿವೆ ಸಿಡಿದ ಹಾಗೆ ಒಂದೇ ಸಮನೆ ಶುರುವಾಯಿತು. ನೋಡಿದರೆ, ವೈಕುಂಠ ಬೆಳಿಗ್ಗೆ ಎದ್ದವನೇ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟಿದ್ದ: ನಾಳೆ ನಾವಿಬ್ಬರೂ ಮೊದಲ ಸಲ ಪ್ಯಾರಿಸ್ಸಿಗೆ ಹೊರಟಿದ್ದೇವೆ, ತಿಳಿದವರು ಸಲಹೆ ಕೊಡಿ.

ತಿಳಿಯದವರೂ ಕೊಟ್ಟಿದ್ದರು. ಎಂಟೂವರೆಗೆ ನಲವತ್ತೊಂದು ಸಲಹೆ ಬಂದಿದ್ದವು. ನೀರು ಕುಡಿಯಬೇಡಿ, ನೀರು ಅಲ್ಲಿಯದೇ ಒಳ್ಳೆಯದು. ಮೆಟ್ರೋ ಹತ್ತಬೇಡಿ, ಮೆಟ್ರೋ ಬಿಟ್ಟು ಬೇರೇನೂ ಹತ್ತಬೇಡಿ. ಜೇಬುಗಳ್ಳರ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ವೈಕುಂಠ ಒಳಗೆ ಬಂದ. ಕುತ್ತಿಗೆಗೆ ಹೊಸ ಚೀಲವೊಂದು, ಅಂಗಿಯೊಳಗೆ. ದೇವರ ಮುಂದೆ ಕುಂಕುಮ ಹಚ್ಚಿ ಇಟ್ಟಿದ್ದ ಪಾಸ್‌ಪೋರ್ಟುಗಳಲ್ಲಿ ಮೇಲಿದ್ದ ಎರಡನ್ನು ಎತ್ತಿ ಅದಕ್ಕೆ ತುಂಬಿಕೊಂಡಿದ್ದ. "ನಂದು ಹಳೇದೂ ಹೊಸದೂ ಎರಡೂ ತಗೊಂಡೆ. ಅಭ್ಯಾಸ ಆಗ್ಲಿ ಅಂತ ಈಗಿಂದ್ಲೇ ಹಾಕ್ಕೊಂಡಿದೀನಿ. ನಿಂದು ನೀನು ಜೋಪಾನ ಮಾಡ್ಕೋ" ಎಂದು ಹೇಳಿ ಹೋದ. ಅವಳು ಹೂಂ ಎಂದಳು. ರವೆ ಹೊಂಬಣ್ಣಕ್ಕೆ ತಿರುಗುವ ಹೊತ್ತು, ಕೈ ಬಿಡುವಂತಿರಲಿಲ್ಲ.

ಮೊದಲು ಬಂದವರು ಪಕ್ಕದ ಮನೆಯ ಮೈಥಿಲಿ. ಉಡುಪಿಯವರು, ಪ್ರಫುಲ್ಲಾಳಿಗಿಂತ ಆರು ವರ್ಷ ದೊಡ್ಡವರು, ಕೈಯಲ್ಲಿ ಹೊಲಿಗೆಪೆಟ್ಟಿಗೆ.

"ಎಂತ ಮಾರಾಯ್ತಿ, ಹ್ಯಾಂಡ್‌ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಇಟ್ಕೊಂಡು ಹೋಗ್ತೀಯಾ? ಅಲ್ಲಿಯ ಕಳ್ಳರು ನಿನ್ನ ಕಣ್ಣಿನ ಕಾಡಿಗೆಯನ್ನೂ ಬಿಡುವುದಿಲ್ಲ. ನಾಳೆ ಹಾಕುವ ಪ್ಯಾಂಟು ಕೊಡು. ಒಂದು ಕಳ್ಳಜೇಬು ಹೊಲಿದು ಕೊಡ್ತೇನೆ. ನಮ್ಮ ಅಮ್ಮ ರೈಲಿಗೆ ಹೋಗುವಾಗ ಲಂಗಕ್ಕೆ ಹೊಲಿಯುತ್ತಿದ್ದದ್ದು ಹಾಗೆಯೇ."

ಗಿಳಿಹಸಿರು ಪ್ಯಾಂಟು ಸೂಟ್‌ಕೇಸಿನ ಮೇಲೆಯೇ ಇತ್ತು. ಆ ಬಣ್ಣ ಹಾಕಿಕೊಳ್ಳಲು ಎರಡು ವರ್ಷದಿಂದ ಧೈರ್ಯ ಬಂದಿರಲಿಲ್ಲ. ಗುರುತಿನವರಿಲ್ಲದ ಊರಿಗೆಂದೇ ತೆಗೆದಿಟ್ಟಿದ್ದಳು. ಪಾಸ್‌ಪೋರ್ಟು ದೇವರ ಮುಂದಿದೆ, ತೆಗೆದುಕೊಳ್ಳಿ ಎಂದಳು. ಮೈಥಿಲಿ ಅದನ್ನು ಬಿಡಿಸಿ ನೋಡಿದರು.

"ಫೋಟೋದಲ್ಲಿ ಎಷ್ಟು ಸಪೂರ ಇದ್ದಿ ಮಾರಾಯ್ತಿ."

ಐವತ್ತೆರಡನೆಯ ವಯಸ್ಸಿನಲ್ಲಿ ಇಂಥ ಮಾತು ದಿನಾ ಕಿವಿಗೆ ಬೀಳುವುದಿಲ್ಲ. ಪ್ರಫುಲ್ಲಾ ಅದನ್ನು ಪರೀಕ್ಷಿಸಲು ಹೋಗದೆ, ಹಾಗೇ ಒಳಗಿಳಿಸಿಕೊಂಡು ರವೆ ಕೈಯಾಡಿಸಿದಳು.

ಅರ್ಧ ಗಂಟೆಯಲ್ಲಿ ಜೇಬು ಸಿದ್ಧವಾಯಿತು. ಸೊಂಟದ ಪಟ್ಟಿಯ ಒಳಗೆ, ಪಾಸ್‌ಪೋರ್ಟನ್ನು ಒಳಗಿಟ್ಟು, ನಾಲ್ಕೂ ಕಡೆ ಎರಡೆರಡು ಸಾಲು ಹೊಲಿಗೆ. ಏರ್‌ಪೋರ್ಟಿನಲ್ಲಿ ತೋರಿಸುವುದು ಹೇಗೆ ಎಂದು ಪ್ರಫುಲ್ಲಾ ಕೇಳಿದಳು. ಮೈಥಿಲಿ ಪೆಟ್ಟಿಗೆಯಿಂದ ಪುಟ್ಟ ಕತ್ತರಿಯೊಂದನ್ನು ತೆಗೆದುಕೊಟ್ಟರು. ವಿಮಾನದೊಳಗೆ ಕತ್ತರಿ ಬಿಡುವುದು ಸಂಶಯ ಎಂಬ ಮಾತು ಅವರಿಗೆ ರುಚಿಸಲಿಲ್ಲ. ಪ್ರಫುಲ್ಲಾ ಹೂಂ ಎಂದಳು. ಅವರು ಹೋದ ಮೇಲೆ ಒಂದು ಬದಿ ಬಿಚ್ಚಿದರಾಯಿತು ಎಂದುಕೊಂಡು ಪ್ಯಾಂಟನ್ನು ಸೂಟ್‌ಕೇಸಿನ ಮೇಲೆ ಮಡಿಸಿಟ್ಟಳು.

ಆದರೆ ಅವರು ಹೋಗಲಿಲ್ಲ. ಅಷ್ಟರಲ್ಲಿ ಅನಂತಪದ್ಮನಾಭ ಅವರು ಬಂದಿದ್ದರು. ಮೈಸೂರಿನ ನಿವೃತ್ತ ಎಂಜಿನಿಯರು; ಎದುರು ಸಾಲಿನ ಮಗಳ ಮನೆಯಲ್ಲಿರುವವರು. ಮೂವತ್ತು ವರ್ಷದ ಹಿಂದೆ ಬಸ್ಸಿನ ಟೂರಿನಲ್ಲಿ ಹನ್ನೆರಡು ದಿನಕ್ಕೆ ಹತ್ತು ದೇಶ ನೋಡಿ ಬಂದಿದ್ದರು. ಪ್ಯಾರಿಸ್ಸಿಗೆ ಅದರಲ್ಲಿ ಒಂದೂಕಾಲು ದಿನ ಸಿಕ್ಕಿತ್ತು. ಫಿಲಂ ರೋಲಿನ ಹಳೆಯ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ಅಲ್ಲಾಡಿಸಿದರೆ ಗಿಲಗಿಲ.

"ಫ್ರಾಂಕು ಕಣಮ್ಮ. ಅಲ್ಲಿ ಟಾಯ್ಲೆಟ್ಟಿಗೆಲ್ಲಾ ಚಿಲ್ಲರೆ ಕೊಡ್ಬೇಕು. ನೀನು ಪರದಾಡಬಾರದು ನೋಡು."

ಆ ನಾಣ್ಯ ನಿಂತು ಇಪ್ಪತ್ತು ವರ್ಷದ ಮೇಲಾಯಿತೆಂದು ಹೇಳಲು ಪ್ರಫುಲ್ಲಾಳಿಗೆ ಬಾಯಿ ಬರಲಿಲ್ಲ. ಅಷ್ಟು ವರ್ಷ ಅವರು ಅದನ್ನು ಜೋಪಾನ ಮಾಡಿದ್ದರು. ಆಮೇಲೆ ಅವರು ಒಂದು ಹಾಳೆ ಬಿಡಿಸಿದರು. ಬುಧವಾರ ಪ್ರಫುಲ್ಲಾ ಒಬ್ಬಳೇ ಎಂದು ವೈಕುಂಠನಿಂದ ತಿಳಿದು, ಬೆಳಗಿನ ಕಾಫಿಯ ಹೊತ್ತಿನಲ್ಲೇ ವೇಳಾಪಟ್ಟಿ ಹಾಕಿದ್ದರು: ಹನ್ನೊಂದು ಜಾಗ, ಒಂದೊಂದಕ್ಕೆ ಇಪ್ಪತ್ತು ನಿಮಿಷ, ಊಟಕ್ಕೆ ಹದಿನೈದು. ಕೂರುವುದಕ್ಕೆ ಎಲ್ಲೂ ಸಮಯವಿರಲಿಲ್ಲ. ಪ್ರಫುಲ್ಲಾ ಹೂಂ ಎಂದಳು. ಹಾಳೆಯನ್ನು ಹೋಟೆಲಿನ ಮೇಜಿನ ಡ್ರಾಯರಿನಲ್ಲಿ ಬಿಟ್ಟುಬರುವುದೆಂದು ಒಳಗೇ ತೀರ್ಮಾನಿಸಿದಳು.

ಹನ್ನೊಂದಕ್ಕೆ ನೀತಾ. ಎರಡು ಬೀದಿ ಆಚೆಯ ಹುಡುಗಿ, ಎರಡೂ ಕೈಯಲ್ಲಿ ಪೊಟ್ಟಣ. ನಮ್ಮವರಲ್ಲಿ ಯಾರಾದರೂ ವಿಮಾನ ಹತ್ತುತ್ತಾರೆಂದರೆ ಆ ಸೂಟ್‌ಕೇಸಿನಲ್ಲಿ ಊರಿಗೆಲ್ಲ ಪಾಲಿರುತ್ತದೆ.

"ಆಂಟಿ, ನಮ್ಮಣ್ಣ ಯತೀಶ್ ಅಲ್ಲೇ ಇರೋದು. ಬರೀ ಚಟ್ನಿಪುಡಿ, ಹಪ್ಪಳ, ಸ್ವಲ್ಪ ಕೋಡುಬಳೆ. ಬರೀ ನಾಲ್ಕು ಕೆಜಿ. ಬುಧವಾರ ಹತ್ತು ಗಂಟೆಗೆ ಅವನೇ ಹೋಟೆಲಿಗೆ ಬಂದು ತಗೋತಾನೆ. ನೀವು ಒಬ್ಬರೇ ಅಂತ ಹೇಳ್ದೆ, ಪಾಪ, ರಜ ಹಾಕಿ ಊರೆಲ್ಲ ಸುತ್ತಿಸ್ತಾನಂತೆ."

ಪ್ರಫುಲ್ಲಾ ಹೂಂ ಎಂದಳು. ಪೊಟ್ಟಣವನ್ನು ಮಂಗಳವಾರವೇ ಹೋಟೆಲಿನ ಕೌಂಟರಿನಲ್ಲಿ ಕೊಟ್ಟು, ಬುಧವಾರ ಹತ್ತಕ್ಕೆ ಮುಂಚೆ ಬಸ್ಸು ಹತ್ತಿದರಾಯಿತು. ಅವಳ ಬುಧವಾರ ಗೀರು ಬಿದ್ದಿದ್ದರೂ ಇನ್ನೂ ಒಡೆದಿರಲಿಲ್ಲ.

ಅವಳು ಎಲ್ಲರಿಗೂ ಅದೇ ರವೆಯಲ್ಲಿ ಉಪ್ಪಿಟ್ಟು ಕೆದಕಲು ಒಳಗೆ ಹೋದಳು. ಹೊರಗೆ ವೈಕುಂಠ ನಾಲ್ಕು ಕೆಜಿಯನ್ನು ಸೂಟ್‌ಕೇಸಿಗೆ ಸೇರಿಸಿ ತೂಗಿದ. ಮುಳ್ಳು ಮಿತಿ ದಾಟಿತು. ಏನನ್ನಾದರೂ ತೆಗೆಯಬೇಕಿತ್ತು. ಪ್ಯಾರಿಸ್ಸಿನಲ್ಲಿ ಕಪ್ಪು ಬಿಟ್ಟು ಬೇರೆ ಬಣ್ಣ ತೊಟ್ಟರೆ ಹೊಸಬರೆಂದು ಕಳ್ಳರಿಗೆ ತಿಳಿಯುತ್ತದೆ ಎಂದು ಅನಂತಪದ್ಮನಾಭರು ತಿಳಿಸಿದ್ದರು. ವೈಕುಂಠ ಹೆಂಡತಿಯ ಬಣ್ಣದ ಬಟ್ಟೆಗಳನ್ನೆಲ್ಲ ಇಂಡಿಯನ್ ಗ್ರೋಸರಿಯ ಚೀಲವೊಂದಕ್ಕೆ ತುಂಬಿ ಗರಾಜಿನಲ್ಲಿಟ್ಟ. ಅಲ್ಲಿ ಅಂಥವೇ ಮೂರು ಚೀಲ ಹಳೆಬಟ್ಟೆ ವಾರದಿಂದ ಕಾದಿದ್ದವು. ಅವನ ಪಟ್ಟಿಯಲ್ಲಿ ಮುಂದಿನ ಸಾಲು 'ಹಳೆಬಟ್ಟೆ ದಾನ' ಎಂದಿತ್ತು. ನಾಲ್ಕೂ ಚೀಲ ಕಾರಿಗೇರಿದವು. ಉಪ್ಪಿಟ್ಟು ತಟ್ಟೆಗೆ ಬರುವಷ್ಟರಲ್ಲಿ ಅವನು ಹೋಗಿ ಬಂದು, ಪಟ್ಟಿಯ ಆ ಸಾಲನ್ನು ಹೊಡೆದುಹಾಕಿ, ಕೈ ತೊಳೆದುಕೊಂಡಿದ್ದ.

"ನನ್ನ ಹಸಿರು ಪ್ಯಾಂಟೆಲ್ಲಿ?" ಎಂದು ಪ್ರಫುಲ್ಲಾ ಕೇಳಿದಾಗ ಅವನ ಬಾಯಲ್ಲಿ ಎರಡನೆಯ ತುತ್ತಿತ್ತು.

ವೀಸಾಕ್ಕೆ ಅವರು ಎರಡು ತಿಂಗಳು ಅಲೆದಿದ್ದರು. ಅದನ್ನು ಅಂಟಿಸಿದ ಪಾಸ್‌ಪೋರ್ಟು ಎರಡು ಸಾಲು ಹೊಲಿಗೆಯೊಳಗೆ ದಾನವಾಗಿ ಹೋಗಿತ್ತು. ಭಯವಾದಾಗ ವೈಕುಂಠ ಯೋಚಿಸುವವನಲ್ಲ, ಓಡುವವನು. ಎರಡು ಕಾರುಗಳಲ್ಲಿ ಐದು ಜನ ಹೊರಟರು. ಫ್ರೀವೇಯಲ್ಲಿ ಶನಿವಾರದ ಟ್ರಾಫಿಕ್ಕು. ಹಿಂದಿನ ಸೀಟಿನಲ್ಲಿ ಮೈಥಿಲಿ, ಹೊಲಿಗೆ ಮಾತ್ರ ಯಾರಿಂದಲೂ ಬಿಚ್ಚಲಾಗುವುದಿಲ್ಲ ಎಂದು ಸಮಾಧಾನ ಹೇಳುತ್ತಿದ್ದರು.

ಹಳೆಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಮದುವೆ ಮನೆಯ ಅನ್ನದ ರಾಶಿಯ ಹಾಗೆ ಬಟ್ಟೆ ಬಿದ್ದಿತ್ತು. ಅಲ್ಲಿದ್ದ ನೇರಳೆ ಕೂದಲಿನ ಹುಡುಗಿ ಕರುಣೆಯಿಂದ ಹುಡುಕಿಕೊಳ್ಳಿ ಎಂದಳು. ಅನಂತಪದ್ಮನಾಭರು ರಾಶಿಯನ್ನು ನಾಲ್ಕು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಹಂಚಿದರು. ತಾವು ಮೇಲ್ವಿಚಾರಣೆಗೆ ನಿಂತರು. ನೀತಾಳಿಗೆ ಒಳ್ಳೆಯ ಸ್ವೆಟರೊಂದು ಸಿಕ್ಕಿತು. ಪ್ರಫುಲ್ಲಾ ಮೊಣಕಾಲೂರಿ ಯಾರದೋ ಪೈಜಾಮಾಗಳ ನಡುವೆ ಕೈಯಾಡಿಸುತ್ತಿದ್ದಳು. ಪ್ಯಾರಿಸ್ಸು ಹೋದರೆ ಹೋಗಲಿ, ಬುಧವಾರ ಹೋಗುತ್ತದಲ್ಲಾ ಎಂದುಕೊಂಡು ಇನ್ನೊಂದು ಚೀಲ ಎಳೆದುಕೊಂಡಳು.

ನಲವತ್ತು ನಿಮಿಷದ ಮೇಲೆ ಗಿಳಿಹಸಿರು ಕಂಡಿತು. ಒಮ್ಮೆ ಕೊಟ್ಟ ವಸ್ತು ಅಂಗಡಿಯದು ಎಂಬುದು ಅಲ್ಲಿಯ ಕಟ್ಟಳೆ. ಪ್ರಫುಲ್ಲಾ ತನ್ನ ಪ್ಯಾಂಟನ್ನು ತಾನೇ ದುಡ್ಡು ಕೊಟ್ಟು ಕೊಂಡಳು.

ಕಾರಿನ ಬಾನೆಟ್ಟಿನ ಮೇಲೆ ಹರಡಿಕೊಂಡು ಮೈಥಿಲಿ ಹೊಲಿಗೆ ಬಿಚ್ಚಿದರು. ಅವರಿಂದಲೂ ಬೇಗ ಬಿಚ್ಚಲಾಗಲಿಲ್ಲ. ಕೊನೆಗೆ ಹೊರಬಂದ ಪಾಸ್‌ಪೋರ್ಟನ್ನು ವೈಕುಂಠ ಕಣ್ಣಿಗೊತ್ತಿಕೊಂಡು ತೆರೆದ. ವೀಸಾ ಇರಲಿಲ್ಲ. ರಟ್ಟಿನ ಒಂದು ಮೂಲೆ ಕತ್ತರಿಸಿತ್ತು. ಫೋಟೋದಲ್ಲಿ ಇಪ್ಪತ್ತೆಂಟರ ಪ್ರಫುಲ್ಲಾ, ಸಪೂರವಾಗಿ, ಗಂಭೀರವಾಗಿ ನೋಡುತ್ತಿದ್ದಳು. ಅವಧಿ ಮುಗಿದು, ರದ್ದಾಗಿ, ಎಸೆಯಲು ಮನಸ್ಸು ಬಾರದೆ ಎತ್ತಿಟ್ಟಿದ್ದ ಹಳೆಯ ಪಾಸ್‌ಪೋರ್ಟು.

"ಮೂಲೆ ಕತ್ತರಿಸಿದ್ದು ಕಾಣಲಿಲ್ವಾ ಮೈಥಿಲಕ್ಕ?" ಎಂದಳು ಪ್ರಫುಲ್ಲಾ.

"ಕಂಡಿತು. ಜೇಬಿಗೆ ಸರಿಯಾಗಿ ಕೂರಲಿ ಅಂತ ನೀನೇ ಕತ್ತರಿಸಿದ್ದು ಅಂತ ಎಣಿಸಿದೆ."

ಹಾಗಾದರೆ ಹೊಸದೆಲ್ಲಿ? ವೈಕುಂಠನ ಮುಖ ಬಿಳಿಚಿತು. ಸೆಕೆಯಾಗಿ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ. ಅನಂತಪದ್ಮನಾಭರು ಕನ್ನಡಕ ಸರಿಪಡಿಸಿಕೊಂಡು ಅವನ ಎದೆಯತ್ತ ಬಗ್ಗಿದರು.

"ಅದೇನಪ್ಪಾ ಕುತ್ತಿಗೇಲಿ?"

"ನನ್ನ ಪಾಸ್‌ಪೋರ್ಟು ಸರ್. ಹಳೇದು, ಹೊಸದು."

"ತೆಗಿ, ನೋಡೋಣ."

ಒಂದು ಅವನದು. ಇನ್ನೊಂದು, ವೀಸಾ ಸಮೇತ, ಪ್ರಫುಲ್ಲಾಳದು. ಬೆಳಗಿನಿಂದ ಅವಳ ಪ್ಯಾರಿಸ್ಸು ಅವನ ಎದೆಯ ಮೇಲೆ ಬೆವರುತ್ತಿತ್ತು. ನೀತಾ ಸ್ವೆಟರಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ಎಲ್ಲರೂ ನಕ್ಕರು, ವೈಕುಂಠನ ಹೊರತು. ಪ್ರಫುಲ್ಲಾಳಿಗೆ ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ಬುಧವಾರ ಉಳಿಯಿತು.

ಅದು ಉಳಿದದ್ದು ಫ್ರೀವೇಯ ಎರಡನೆಯ ಎಕ್ಸಿಟ್ಟಿನವರೆಗೆ ಮಾತ್ರ.

"ಪ್ರಫುಲ್ಲಾ," ಎಂದ ವೈಕುಂಠ, ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಅವಳ ಕೈ ಮೇಲಿಟ್ಟು. "ಅಂಗಡಿ ಮುಂದೇನೇ ಆಫೀಸಿನ ಅಜಯನಿಗೆ ಮೆಸೇಜ್ ಮಾಡ್ಬಿಟ್ಟೆ. ಬುಧವಾರದ ಮೀಟಿಂಗು ಅವನೇ ನೋಡ್ಕೋತಾನೆ. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ ಅಂತ ನಿನಗೇ ಗೊತ್ತಿಲ್ಲ. ಆ ಊರಲ್ಲಿ ನಿನ್ನ ಒಬ್ಬಳೇ ಹೇಗೆ ಬಿಡ್ಲಿ? ನಾನು ಜೊತೇಲಿರ್ತೀನಿ, ಬೆಳಗಿಂದ ಸಂಜೆ ತನಕ."

ಹಿಂದಿನ ಸೀಟಿನಲ್ಲಿ ಮೈಥಿಲಿ, ಗಂಡ ಅಂದರೆ ಹೀಗಿರಬೇಕು ಎಂದರು. ಅವನ ಕೈ ಬೆಚ್ಚಗಿತ್ತು. ತಮಾಷೆ ಮಾಡುತ್ತಿರಲಿಲ್ಲ, ನಿಜಕ್ಕೂ ಹೆದರಿದ್ದ. ಹೂಂ ಅನ್ನಲು ಪ್ರಫುಲ್ಲಾ ಬಾಯಿ ತೆರೆದಳು. ಬರಲಿಲ್ಲ. ವೇಳಾಪಟ್ಟಿಯನ್ನು ಡ್ರಾಯರಿನಲ್ಲಿ ಬಿಡಬಹುದು, ಕೋಡುಬಳೆಯನ್ನು ಕೌಂಟರಿನಲ್ಲಿ ಬಿಡಬಹುದು. ಪ್ರೀತಿಯಿಂದ ಜೊತೆಗೆ ಬರುವ ಗಂಡನನ್ನು ಎಲ್ಲಿ ಬಿಡುವುದು?

ಸಂಜೆ ಐದಕ್ಕೆ ಮನೆ ತಣ್ಣಗಾಯಿತು. ದಣಿದ ವೈಕುಂಠ ಸೋಫಾದಲ್ಲಿ ಅಡ್ಡಾದ, ಕುತ್ತಿಗೆಯ ಚೀಲ ಎದೆಯ ಮೇಲೇ. ಪ್ರಫುಲ್ಲಾ ಹಸಿರು ಪ್ಯಾಂಟನ್ನು ತೊಡೆಯ ಮೇಲಿಟ್ಟುಕೊಂಡು, ಮೈಥಿಲಿ ಬಿಟ್ಟುಹೋದ ಸೂಜಿ ದಾರ ಹಿಡಿದು, ಬಿಚ್ಚಿದ ಕಡೆ ಹೊಲಿಯತೊಡಗಿದಳು. ಹೊಲಿಯುತ್ತ ಅವನನ್ನು ನೋಡಿದಳು. ಬಾಯಿ ಅರ್ಧ ತೆರೆದಿತ್ತು. ಬೆಂಗಳೂರಿಗೆ ಹೋದಾಗಲೆಲ್ಲ ಹೀಗೆಯೇ: ಹಗಲು ರಾತ್ರಿ ಅದಲುಬದಲಾಗಿ ಮೊದಲ ಮೂರು ದಿನ ಢಂಗುರ ಸಾರಿದರೂ ಒಂಬತ್ತಕ್ಕೆ ಮುಂಚೆ ಏಳುವುದಿಲ್ಲ. ಅವಳಿಗೋ ನಾಲ್ಕಕ್ಕೇ ಎಚ್ಚರ. ಪ್ರತಿ ಸಲವೂ ಕತ್ತಲಲ್ಲಿ ಸುಮ್ಮನೆ ಮಲಗಿ, ಅವನು ಏಳುವುದನ್ನು ಕಾಯುತ್ತಾಳೆ.

ಸೂಜಿ ನಿಂತಿತು. ಸೋಮವಾರ, ಮಂಗಳವಾರ, ಬುಧವಾರ. ಬೆರಳು ಮಡಚಿ ಇನ್ನೊಮ್ಮೆ ಎಣಿಸಿದಳು. ಬುಧವಾರ ಮೂರನೆಯ ದಿನವೇ; ನಾಲ್ಕರಿಂದ ಒಂಬತ್ತು, ಐದು ಗಂಟೆ.

ಎದ್ದು ಹೋಗಿ ಚೀಟಿಯೊಂದರಲ್ಲಿ ಹೋಟೆಲಿನ ವಿಳಾಸ ಬರೆದಳು. ಅದರೊಳಗೆ ಇಪ್ಪತ್ತು ಯೂರೋದ ಒಂದು ನೋಟನ್ನು ಮಡಿಸಿಟ್ಟು ಕಳ್ಳಜೇಬಿಗೆ ಸೇರಿಸಿದಳು. ನಾಲ್ಕನೆಯ ಬದಿಗೆ ಹೊಲಿಗೆ ಹಾಕದೆ, ಒಂದು ಗುಂಡಿ ಇಟ್ಟಳು. ಫೋನು ಹೊಳೆಯಿತು. ಸುರಕ್ಷಾ "ಆಲ್ ಸೆಟ್?" ಎಂದು ಕೇಳಿದ್ದಳು. ಅವಳಿಗೂ ಏನೂ ಬರೆಯಲಿಲ್ಲ.

ವೈಕುಂಠ ಒಂದು ಕಣ್ಣು ತೆರೆದ. "ಇನ್ನೂ ಏನು ಹೊಲೀತಿದೀಯ? ಪಾಸ್‌ಪೋರ್ಟ್ ನನ್ನ ಹತ್ರಾನೇ ಇರುತ್ತಲ್ಲ. ನೀನು ನನ್ನ ಪಕ್ಕದಲ್ಲೇ ಇರ್ತೀಯಲ್ಲ."

"ಹೂಂ," ಎಂದಳು ಪ್ರಫುಲ್ಲಾ.